ಕಿಟಕಿಯಲ್ಲಿ ಇಟ್ಟ ಮಗ

ಹಿರ್ಷ್‌ಬಾಖ್, ಸ್ಯಾಕ್ಸನಿ
10 ಸೆಪ್ಟೆಂಬರ್ 1995

ಪ್ರಿಯ ಆನೆಟ್,

ನಾನು ನಿನ್ನ ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೀನು ಈಗ ನನ್ನ ಮಂಚದ ಮೇಲೆ ಬಿದ್ದುಕೊಂಡಿರಬಹುದು. ಅದರ ಎಡಗಾಲು ಅಲ್ಲಾಡುತ್ತದೆ, ಜೋಪಾನ. ಒಂದು ವರ್ಷ ನೀನು ಅಲ್ಲಿ ನನ್ನ ಅಪ್ಪ, ಅಜ್ಜಿಯರ ಜೊತೆ ಇದ್ದು ನನ್ನ ಶಾಲೆಗೆ ಹೋಗುವುದು, ನಾನು ಇಲ್ಲಿ ನಿನ್ನ ಅಪ್ಪ, ಅಮ್ಮನ ಜೊತೆ ಇದ್ದು ನಿನ್ನ ಶಾಲೆಗೆ ಹೋಗುವುದು ಎಂದಾಗ ಎಷ್ಟು ಸುಲಭ ಎನ್ನಿಸಿತ್ತು. ಆದರೆ ನಿನ್ನನ್ನು ನಾನು ನೋಡಿಯೇ ಇಲ್ಲ. ಗೋಡೆಯ ಫೋಟೊದಲ್ಲಿ ನೀನಿದ್ದೀಯೆ, ನಿನ್ನ ದಿಂಬಿಗೆ ನಿನ್ನ ಸೋಪಿನ ವಾಸನೆ ಇದೆ. ಇಲ್ಲದವಳ ಜಾಗದಲ್ಲಿ ಮಲಗುವುದು ಒಂದು ಥರಾ ಇರುತ್ತದೆ ಮಾರಾಯ್ತಿ.

ನಿನ್ನ ಶಾಲೆ ಏಳೂವರೆಗೆ ಶುರುವಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮೂರಿನಲ್ಲಿ ಆ ಹೊತ್ತಿಗೆ ಹಸುಗಳೂ ಎದ್ದಿರುವುದಿಲ್ಲ. ಗಣಿತದ ಮೇಷ್ಟ್ರು ನನ್ನನ್ನು ಬೋರ್ಡಿಗೆ ಕರೆದರು. ಹೋಗಿ ನಿಂತೆ, ನಿಂತೇ ಇದ್ದೆ. ಕೊನೆಗೆ ಅವರು, "ಆಯ್ತು, ಕೂತ್ಕೊ. ಐರ್ಲೆಂಡಲ್ಲಿ ಲೆಕ್ಕಾನೂ ಬೇರೇನಾ?" ಅಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮನೆಯಲ್ಲೂ ದಿನಕ್ಕೊಂದು ತಪ್ಪು ಮಾಡುತ್ತೇನೆ. ಬೂಟು ಬಾಗಿಲಲ್ಲೇ ಬಿಚ್ಚಬೇಕು. ಭಾನುವಾರ ಬಟ್ಟೆ ಒಗೆಯಬಾರದು. ರಾತ್ರಿ ಊಟಕ್ಕೆ ಬಿಸಿ ಏನೂ ಇಲ್ಲ, ಬ್ರೆಡ್ಡು, ಚೀಸು, ಉಪ್ಪಿನ ಸೌತೆಕಾಯಿ. ಅದನ್ನೂ ಹಲಗೆಯ ಮೇಲೆ ಇಟ್ಟುಕೊಂಡು ತಿನ್ನಬೇಕು. ನಿಮ್ಮಮ್ಮ ಬೇಸರ ಮಾಡಿಕೊಳ್ಳುವುದಿಲ್ಲ. "ಕಾರ್ಲಾ ಅಂತ್ಲೇ ಕರಿ, ಫ್ರೌ ರೈಖೆಲ್ಟ್ ಅಂದ್ರೆ ನಮ್ಮತ್ತೇನ ಕರ್ದಂಗಾಗುತ್ತೆ" ಅಂದರು. ನಿಮ್ಮಪ್ಪ ತಾವು ಗೊಂಬೆ ಮಾಡುವ ಹಿತ್ತಿಲ ಶೆಡ್ಡಿನಿಂದ ಹುಬ್ಬಿನ ತುಂಬ ಮರದ ಹೊಟ್ಟು ಹೊತ್ತು ಬರುತ್ತಾರೆ. ಇಡೀ ದಿನದಲ್ಲಿ ನನಗೆ ಹೇಳುವುದು ಎರಡೇ ಮಾತು. ಬೆಳಿಗ್ಗೆ "ಎದ್ಯಾ?", ಸಂಜೆ "ತಿಂದ್ಯಾ?"

ಈಗ ಅಸಲು ವಿಷಯ. ನಿನ್ನ ಪಕ್ಕದ ಕೋಣೆ ಯಾವಾಗಲೂ ಮುಚ್ಚಿರುತ್ತದೆ. ಆದರೆ ದಿನಾ ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಒಳಗಿನಿಂದ ಕಿಟಕಿ ತೆರೆಯುವ ಸದ್ದು, ಸ್ವಲ್ಪ ಹೊತ್ತಿಗೆ ಮುಚ್ಚುವ ಸದ್ದು. ನಾವು ಐರಿಷರು, ನಮಗೆ ದೆವ್ವ ಅಂದರೆ ದೂರದ ನೆಂಟರಿದ್ದ ಹಾಗೆ, ಆದರೂ ಎರಡು ದಿನ ಆ ಬಾಗಿಲನ್ನು ಓಡಿಕೊಂಡೇ ದಾಟಿದೆ. ಮೊನ್ನೆ ಬಾಗಿಲ ಸಂದಿಯಲ್ಲಿ ಇಣುಕಿದೆ. ನಿಮ್ಮಮ್ಮ. ತೆರೆದ ಕಿಟಕಿಯ ಮುಂದೆ ಕೈ ಕಟ್ಟಿ ನಿಂತಿದ್ದರು. ಹಿಂದೆ ಹೊಸ ಹೊದಿಕೆ ಹಾಸಿದ ಮಂಚ, ಬಾಗಿಲ ಹಿಂದೆ ಗಂಡಸಿನ ಜಾಕೆಟ್ಟು. ಯಾರೂ ಮಲಗದ ಕೋಣೆಗೆ ದಿನಾ ಗಾಳಿ ಆಡಿಸುತ್ತಾರೆ.

ನಿನ್ನ ಅರ್ಜಿಯಲ್ಲಿ ಅಣ್ಣ ಒಬ್ಬ ಎಂದು ಬರೆದಿದ್ದೆ. ರಾತ್ರಿ ಊಟದಲ್ಲಿ, "ಆನೆಟ್ ಅಣ್ಣ ಯಾವಾಗ ಬರ್ತಾರೆ?" ಎಂದು ಕೇಳಿಬಿಟ್ಟೆ. ನಿಮ್ಮಪ್ಪ ಚಾಕು ಕೆಳಗಿಟ್ಟು ಎದ್ದು ಶೆಡ್ಡಿಗೆ ಹೋದರು. ನಿಮ್ಮಮ್ಮ ನನ್ನ ಹಲಗೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿದರು. ಏನು ತಪ್ಪು ಮಾಡಿದೆ, ಹೇಳು.

ನಿನ್ನ ಮಂಚದ ಬಾಡಿಗೆದಾರಳು,
ನೂಲಾ ಕಾಯ್ಲ್


ಡನ್‌ಕೀಲ್, ಡೊನೆಗಾಲ್
28 ಸೆಪ್ಟೆಂಬರ್ 1995

ಪ್ರಿಯ ನೂಲಾ,

ಮಂಚದ ಕಾಲಿಗೆ ಕಾಗದ ಮಡಿಸಿ ಕೊಟ್ಟಿದ್ದೇನೆ. ಈಗ ಅಲ್ಲಾಡುವುದಿಲ್ಲ.

ನೀನು ತಪ್ಪು ಮಾಡಲಿಲ್ಲ. ನಾನು ಮೊದಲೇ ಹೇಳಬೇಕಿತ್ತು. ನನ್ನ ಅಣ್ಣನ ಹೆಸರು ಫಾಲ್ಕ್. 1989ರ ಬೇಸಿಗೆಯಲ್ಲಿ, ನಮ್ಮ ಪೂರ್ವ ಜರ್ಮನಿಯ ಗಡಿಗಳು ತೆರೆಯುವ ಮುಂಚೆ, ಹಂಗೇರಿಯ ದಾರಿಯಲ್ಲಿ ಪಶ್ಚಿಮಕ್ಕೆ ಹೋದ. ಅವನಿಗೆ ಹತ್ತೊಂಬತ್ತು, ನನಗೆ ಹತ್ತು. ಹೋಗುವ ಹಿಂದಿನ ದಿನ ಅಪ್ಪನಿಗೂ ಅವನಿಗೂ ದೊಡ್ಡ ಜಗಳವಾಯಿತು. ಜೀವಮಾನವಿಡೀ ಮರದ ಕುದುರೆ ಸೀಳುತ್ತಾ ಕೂರೋದಿಲ್ಲ ಎಂದ. ಅಪ್ಪ, "ಈ ಹೊಸ್ತಿಲು ದಾಟಿದ್ರೆ ವಾಪಸ್ ಬರ್ಬೇಡ" ಎಂದರು. ಗಡಿ ತೆರೆಯಿತು, ಹೋದವರೆಲ್ಲ ಸೂಟ್‌ಕೇಸು ಹಿಡಿದು ನೋಡಿಹೋಗಲು ಬಂದರು. ಇವನು ಬರಲಿಲ್ಲ. ಅಪ್ಪ ಅವನ ಹೆಸರು ಎತ್ತುವುದಿಲ್ಲ. ಅಮ್ಮ ಕೋಣೆಗೆ ಗಾಳಿ ಆಡಿಸುತ್ತಾಳೆ. ನೀನು ಇಬ್ಬರನ್ನೂ ಏನೂ ಕೇಳಬೇಡ.

ಇಲ್ಲಿ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ. ಅಂಗಡಿಗೆ ಹಾಲು ತರಲು ಹೋದರೆ ನನ್ನ ಮುತ್ತಜ್ಜನ ಹೆಸರಿನವರೆಗೂ ಹೇಳಿ ಬರಬೇಕು. ನಿನ್ನ ಅಪ್ಪ ದೋಣಿಯಿಂದ ಬಂದವರೇ, "ಏನಮ್ಮ ಜರ್ಮನ್ ರಾಣಿ, ಇವತ್ತಾದ್ರೂ ನಕ್ಕಿದ್ಯಾ?" ಎನ್ನುತ್ತಾರೆ. ಅಜ್ಜಿ ದಿನಕ್ಕೆ ಆರು ಸಲ ಚಹಾ ಕುಡಿಸುತ್ತಾರೆ. ಇಬ್ಬರೂ ನನಗೆ ಇಷ್ಟ.

ಶಾಲೆ ಮುಗಿದ ಮೇಲೆ ನಾನು ಬಂದರಿನ ಕಟ್ಟೆಗೆ ಹೋಗುತ್ತೇನೆ. ಅದನ್ನು ನನ್ನ ಅಮ್ಮನಿಗೆ ಬರೆಯಬೇಡ.

ಆನೆಟ್


ಹಿರ್ಷ್‌ಬಾಖ್
4 ಡಿಸೆಂಬರ್ 1995

ಆನೆಟ್,

ಕೇಳಬೇಡ ಎಂದೆ, ಕೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಎರಡು ತಿಂಗಳು ಕಳೆದೆ. ನನ್ನ ಅಪ್ಪ ಕೇಳಿದರೆ ನಂಬುವುದಿಲ್ಲ. ಆದರೆ ಕೈಗೆ ಬೀಗ ಹಾಕು ಎಂದು ನೀನು ಹೇಳಿರಲಿಲ್ಲ. ಮಾಡಬಾರದ್ದು ಮಾಡಿಬಿಟ್ಟೆ. ಪೂರ್ತಿ ಓದು, ಆಮೇಲೆ ಬೈಯಿ.

ಶನಿವಾರ ನಿಮ್ಮಪ್ಪ ಗೊಂಬೆಗಳ ಪೆಟ್ಟಿಗೆ ಹೇರಿಕೊಂಡು ಡ್ರೆಸ್ಡೆನ್ ಸಂತೆಗೆ ಹೋದರು. ನಿಮ್ಮಮ್ಮನಿಗೆ ಬೇಕರಿಯಲ್ಲಿ ಸಂಜೆಯವರೆಗೂ ಕೆಲಸ. "ನಾಳೆ ಮೊದಲ ಆಡ್ವೆಂಟ್, ಕ್ರಿಸ್ಮಸ್ ದೀಪ ಶುರುವಾಗೋ ಭಾನುವಾರ. ದಾರಿ ಕಡೆ ಕಿಟಕೀಲಿ ದೀಪದ ಗೊಂಬೆ ಇಟ್ಟುಬಿಡ್ತೀಯಾ? ಅಟ್ಟದ ಪೆಟ್ಟಿಗೇಲಿ ಇದೆ" ಎಂದು ಹೇಳಿ ಹೋದರು. ಅಟ್ಟದಲ್ಲಿ ಒಂದೇ ಒಂದು ದೇವದೂತೆ ಇತ್ತು, ಎರಡು ಕೈಯಲ್ಲಿ ಎರಡು ದೀಪ. ಇಟ್ಟೆ. ಅಷ್ಟಗಲದ ಕಿಟಕಿಗೆ ಅದು ಒಂಟಿಯಾಗಿ ಕಂಡಿತು. ಎದುರು ಮನೆಯ ಉಲ್ಮನ್ನರ ಕಿಟಕಿಯಲ್ಲಿ ಮೂರು ಇದ್ದವು, ಅವರ ಪಕ್ಕದಲ್ಲಿ ಎರಡು. ನಮ್ಮದೇಕೆ ಕಡಿಮೆ ಇರಬೇಕು ಎಂದು ಶೆಡ್ಡಿನಲ್ಲಿ ಹುಡುಕಿದೆ. ಮೇಲಿನ ಹಲಗೆಯಲ್ಲಿ, ಗೋಣಿಯ ಕೆಳಗೆ, ಗಣಿ ಕೆಲಸದವನ ಗೊಂಬೆ ಸಿಕ್ಕಿತು. ಕಪ್ಪು ಕೋಟು, ಎತ್ತರದ ಟೋಪಿ, ಅವನ ಕೈಯಲ್ಲೂ ಎರಡು ದೀಪ. ಧೂಳು ಒರೆಸಿ, ದೇವದೂತೆಯ ಪಕ್ಕದಲ್ಲಿ ನಿಲ್ಲಿಸಿ, ನಾಲ್ಕೂ ದೀಪ ಹಚ್ಚಿದೆ. ಎಷ್ಟು ಚೆಂದ ಕಂಡಿತು ಎಂದರೆ ನನಗೆ ನಾನೇ ಭೇಷ್ ಅಂದುಕೊಂಡೆ.

ಕತ್ತಲಾಗುತ್ತಿದ್ದ ಹಾಗೆ ಬಾಗಿಲು ಬಡಿದ ಸದ್ದು. ಫ್ರೌ ಉಲ್ಮನ್, ಕೈಯಲ್ಲಿ ಬಟ್ಟೆ ಮುಚ್ಚಿದ ಕೇಕು. "ಎಲ್ಲಿ? ಮಲ್ಗಿದಾನಾ?" ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರ ಹಿಂದೆಯೇ ಮೂಲೆ ಮನೆಯ ಮುದುಕ ಬಂದ. "ನಾನು ಹೇಳ್ತಿರ್ಲಿಲ್ವಾ, ಬಂದೇ ಬರ್ತಾನೆ ಅಂತ" ಎನ್ನುತ್ತಾ ಟೋಪಿ ತೆಗೆದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮೂರಿನಲ್ಲಷ್ಟೇ ಇರುವುದು ಎಂದುಕೊಂಡಿದ್ದೆ. ಅಡುಗೆಮನೆ ತುಂಬಿತು. ಎಲ್ಲರೂ ಮಾಡಿನ ಕಡೆ ನೋಡುತ್ತಿದ್ದಾರೆ, ಮಹಡಿಯಿಂದ ಯಾರೋ ಇಳಿದು ಬರುತ್ತಾರೆ ಎನ್ನುವ ಹಾಗೆ.

ಆಗ ನಿಮ್ಮಮ್ಮ ಬಂದರು. ಕೆಳಗೆ ಬಸ್ಸು ಇಳಿದು, ತಿರುವಿನಲ್ಲಿ ಬರುವಾಗ ಕಿಟಕಿ ನೋಡಿದ್ದಾರೆ. ಕೈಚೀಲವನ್ನು ಹಿಮದಲ್ಲೇ ಬಿಟ್ಟು ಏರು ಹತ್ತಿ ಓಡಿ ಬಂದಿದ್ದಾರೆ. ಬೂಟು ಬಿಚ್ಚಲಿಲ್ಲ, ಆನೆಟ್. ನಮ್ಮ ಯಾರ ಮುಖವನ್ನೂ ನೋಡದೆ, ಹಿಮದ ಬೂಟಿನಲ್ಲೇ ಮೆಟ್ಟಿಲು ಹತ್ತಿ ಹೋಗಿ ಆ ಕೋಣೆಯ ಬಾಗಿಲು ತೆಗೆದರು. "ಫಾಲ್ಕ್" ಎಂದರು. ಕೂಗಲಿಲ್ಲ, ಬೆಳಿಗ್ಗೆ ಮಗನನ್ನು ಎಬ್ಬಿಸುವ ಹಾಗೆ ಅಂದರು. ಕೆಳಗೆ ನಿಂತವರೆಲ್ಲ ಕೇಳಿಸಿಕೊಂಡೆವು.

ಅಷ್ಟು ಹೊತ್ತಿಗೆ ಫ್ರೌ ಉಲ್ಮನ್ ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡಿದ್ದರು. ನನ್ನ ತೋಳು ಹಿಡಿದು, "ಮನೇಲಿ ಹೆಣ್ಣು ಮಗು ಒಂದಿದ್ರೆ ದೇವದೂತೆ ಒಂದು, ಗಂಡು ಒಂದಿದ್ರೆ ಗಣಿಯವನು ಒಂದು. ಈ ಬೆಟ್ಟದೂರುಗಳಲ್ಲಿ ಹಿಂದಿನಿಂದ್ಲೂ ಹಂಗೇ. ದಾರೀಲಿ ಹೋಗೋರು ಕಿಟಕಿ ನೋಡಿ ಮಕ್ಕಳನ್ನ ಎಣಿಸ್ತಾರೆ. ಇವ್ರ ಮನೆಯ ಗಣಿಯವನು ಆರು ವರ್ಷದಿಂದ ಕಿಟಕೀಲಿ ಇರ್ಲಿಲ್ಲ ಕಣಮ್ಮ" ಎಂದರು. ಕೇಕನ್ನು ಮೇಜಿನ ಮೇಲೆ ಬಿಟ್ಟು ಎಲ್ಲರನ್ನೂ ಕರೆದುಕೊಂಡು ಹೋದರು.

ನಿಮ್ಮಮ್ಮ ಇಳಿದು ಬಂದು ಕುರ್ಚಿಯ ಮೇಲೆ ಕೂತರು. "ಯಾರು ಇಟ್ಟಿದ್ದು?" ಎಂದರು. ನಾನು ಎಂದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಬೂಟಿನಿಂದ ನೆಲದ ಮೇಲೆ ಕರಗಿದ ನೀರು ನೋಡುತ್ತಾ ಕೂತರು, ಆಮೇಲೆ ಬಟ್ಟೆ ತಂದು ತಾವೇ ಒರೆಸಿದರು. ನಾನು ಗೊಂಬೆ ತೆಗೆಯಲು ಹೋದರೆ, "ಬಿಡು, ಇರ್ಲಿ" ಎಂದರು.

ಸಂತೆ ಮುಗಿಸಿ ಬಂದ ನಿಮ್ಮಪ್ಪ ಕೋಟು ಬಿಚ್ಚದೆ ನೇರ ಕಿಟಕಿಗೆ ಹೋದರು. ನಿಮ್ಮಮ್ಮ ಅಡ್ಡ ನಿಂತು, "ಮುಟ್ಟು ನೋಡೋಣ, ಗೊಟ್‌ಫ್ರೀಡ್" ಎಂದರು. ಅಷ್ಟೇ. ನಿಮ್ಮಪ್ಪ ಕೈ ಇಳಿಸಿದರು. ಗೊಂಬೆ ಇನ್ನೂ ಅಲ್ಲೇ ಇದೆ. ಇಬ್ಬರೂ ಮಾತಾಡುತ್ತಿಲ್ಲ. ದಾರಿಯವರು ನಮ್ಮ ಕಿಟಕಿಯ ಮುಂದೆ ತಲೆ ತಗ್ಗಿಸಿ ನಡೆಯುತ್ತಾರೆ. ನನ್ನನ್ನು ವಾಪಸ್ಸು ಕಳಿಸಿಬಿಡಿ ಎಂದು ಶಾಲೆಯಲ್ಲಿ ಕೇಳಲೇ? ಹೇಳು. ನೀನು ಹೇಳಿದಂತೆ ಮಾಡುತ್ತೇನೆ.

ನೂಲಾ


ಡನ್‌ಕೀಲ್
14 ಡಿಸೆಂಬರ್ 1995

ನೂಲಾ,

ಹೋಗಬೇಡ. ನೀನಿಲ್ಲದಿದ್ದರೆ ಅವರಿಬ್ಬರೇ ಆ ಕಿಟಕಿಯ ಜೊತೆ ಇರಬೇಕಾಗುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಆ ಏರು ಹತ್ತಿ ಓಡಿದ್ದನ್ನು ಓದಿ ನಿನ್ನ ಅಜ್ಜಿಯ ಮುಂದೆ ಅತ್ತೆ. ಅವರು ಕಾರಣ ಕೇಳಲಿಲ್ಲ, ಅದೊಂದು ಆಶ್ಚರ್ಯ.

ನಾನು ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. 1990ರ ಫೆಬ್ರವರಿಯಲ್ಲಿ ಫಾಲ್ಕ್‌ನಿಂದ ಒಂದು ಚಿತ್ರದ ಕಾರ್ಡು ಬಂತು, ನನ್ನ ಹೆಸರಿಗೆ. ಬಂದರು, ಬಿಳಿ ದೀಪಸ್ತಂಭ, ಕೆಳಗೆ ಡನ್‌ಕೀಲ್ ಎಂದು ಅಚ್ಚಾಗಿತ್ತು. ಮೀನಿನ ದೋಣಿಯಲ್ಲಿ ಕೆಲಸ ಸಿಕ್ಕಿದೆ, ಕಾಗದಪತ್ರ ಕೇಳುವುದಿಲ್ಲ, ಇಲ್ಲಿ ಯಾವಾಗಲೂ ಮಳೆ, ಅಮ್ಮನಿಗೆ ಹೇಳು ಎಂದು ಬರೆದಿದ್ದ. ನಾನು ಅಮ್ಮನಿಗೆ ಹೇಳುವ ಮೊದಲೇ ಅಪ್ಪ ಅದನ್ನು ಕಿತ್ತುಕೊಂಡು ಒಲೆಗೆ ಹಾಕಿದರು. "ಅಮ್ಮಂಗೆ ಹೇಳ್ಬೇಡ. ಆಸೆ ಹುಟ್ಟಿಸಿ ಕೊಲ್ಲೋದು ಬೇಡ" ಎಂದರು. ನನಗೆ ಹತ್ತು ವರ್ಷ. ಹೇಳಲಿಲ್ಲ. ಆಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಎಲ್ಲರೂ ಪ್ಯಾರಿಸ್, ಲಂಡನ್ ಎನ್ನುವಾಗ ನಾನು ನಿಮ್ಮ ಶಾಲೆಗೆ ನಾನೇ ಬರೆದು ಕೇಳಿಕೊಂಡದ್ದು ಇದಕ್ಕೆ. ದಿನಾ ಕಟ್ಟೆಗೆ ಹೋಗಿ, ಬರುವ ದೋಣಿಯವರನ್ನೆಲ್ಲ ಕೇಳುತ್ತೇನೆ. ಫಾಲ್ಕ್, ಎತ್ತರ, ಮುಂಗೂದಲು ಬಿಳಿಚು ಹಳದಿ, ಜರ್ಮನ್. ತಲೆ ಆಡಿಸುತ್ತಾರೆ. ಒಬ್ಬ ಮಾತ್ರ, "ಹೋಗಮ್ಮ, ಇಲ್ಲಿ ಬಂದೋರಲ್ಲಿ ಅರ್ಧ ಜನ ತಮ್ಮ ಹೆಸ್ರು ಹೇಳಲ್ಲ" ಎಂದ. ಫಾಲ್ಕ್ ಎಲ್ಲೋ ಮದುವೆಯಾಗಿ, ಇಬ್ಬರು ಮಕ್ಕಳನ್ನಿಟ್ಟುಕೊಂಡು, ನಮ್ಮನ್ನು ಮರೆತಿದ್ದಾನೆ ಎಂದು ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನಿದ್ದೆ ಬರುತ್ತದೆ.

ಕ್ರಿಸ್ಮಸ್ ಶುಭಾಶಯ. ಅಮ್ಮನನ್ನು ನೋಡಿಕೋ.

ಆನೆಟ್


ಹಿರ್ಷ್‌ಬಾಖ್
7 ಜನವರಿ 1996

ಪ್ರಿಯ ಆನೆಟ್,

ಹೋಗಲಿಲ್ಲ, ಇಲ್ಲೇ ಇದ್ದೇನೆ. ಕಾರ್ಡಿನ ವಿಷಯ ಯಾರಿಗೂ ಹೇಳುವುದಿಲ್ಲ, ಆದರೆ ನಮ್ಮೂರ ದೋಣಿಗಳಲ್ಲಿ ಜರ್ಮನ್ ಒಬ್ಬನಿದ್ದ ನೆನಪು ನನಗಿಲ್ಲ. ಶಾಲೆಯ ಹಿಮದಾಟದಲ್ಲಿ ನಾಲ್ಕು ಸಲ ಬಿದ್ದು, ಐದನೆಯ ಸಲ ಮೇಷ್ಟ್ರನ್ನೂ ಬೀಳಿಸಿದೆ. ಈಗ ಕ್ಲಾಸಿನವರಿಗೆ ನಾನು ಬಹಳ ಬೇಕಾದವಳು.

ಕ್ರಿಸ್ಮಸ್ ಹಿಂದಿನ ಸಂಜೆ ಒಂಬತ್ತು ಬಗೆಯ ಊಟ, ನಿನಗೆ ಗೊತ್ತೇ ಇದೆ. ಮುಗಿಯುವವರೆಗೆ ಯಾರೂ ಏಳಬಾರದು ಎಂದು ನಿಮ್ಮಮ್ಮ ಎಲ್ಲವನ್ನೂ ಮೊದಲೇ ಮೇಜಿನ ಮೇಲೆ ಜೋಡಿಸಿದ್ದರು. ದಾರಿಹೋಕರಿಗೆಂದು ಇಡುವ ಹೆಚ್ಚಿನ ತಟ್ಟೆಗೆ ಅಮ್ಮ ಮೊದಲು ಬಡಿಸಿದರು. ನಿಮ್ಮಪ್ಪ, "ಅದು ಪರರ ತಟ್ಟೆ, ಕಾರ್ಲಾ" ಎಂದರು. ಮೂರು ವಾರದಲ್ಲಿ ಅದೇ ಮೊದಲ ಮಾತು. "ಪರರೇ ಆಗ್ಲಿ, ಬಂದು ತಿನ್ಲಿ" ಎಂದರು ಅಮ್ಮ. ಮೂವರೂ ಅಲುಗಾಡದೆ ಕೂತು ಉಂಡೆವು. ನಾನು ಬಾಗಿಲ ಕಡೆ ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ. ಅವರಿಬ್ಬರೂ ನೋಡುತ್ತಿದ್ದರು. ನೀನು ಫೋನ್ ಮಾಡಿದ್ದು ಆಗಲೇ. ಯಾರೂ ಎದ್ದು ಎತ್ತಿಕೊಳ್ಳಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಅದು ಅಷ್ಟು ಹೊತ್ತು ಬಡಿದುಕೊಂಡು ನಿಂತಾಗ ನಿಮ್ಮಮ್ಮನ ಮುಖದ ಬಣ್ಣವೇ ಹೋಗಿತ್ತು.

ಹೊಸ ವರ್ಷ ಕಳೆದ ಮೇಲೆ ಒಂದು ದಿನ ನಿಮ್ಮಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು, "ಬಾ, ನೋಡು" ಎಂದರು. ಮರ ಕಡೆಯುವ ಲೇತಿನಲ್ಲಿ ಹಸಿ ಮರದ ದೊಡ್ಡ ಬಳೆ ತಿರುಗುತ್ತಿತ್ತು. ಅವರು ಅದಕ್ಕೆ ಉಳಿ ಹಿಡಿದಿದ್ದರು, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ. ನನಗೆ ಬಳೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಅದನ್ನು ನಿಲ್ಲಿಸಿ, ಚಾಕು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸೀಳಿದರು. ಸೀಳಿದ ತುಂಡು ಕುದುರೆ. ಪಕ್ಕದ ತುಂಡೂ ಕುದುರೆ. ಬಳೆ ಪೂರ್ತಿ ಕುದುರೆ.

"ತಿರುಗೋವಾಗ ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಾಗ್ಬೇಕು. ಫಾಲ್ಕ್ ಕೈಗೆ ಗೊತ್ತಾಗ್ತಿತ್ತು" ಎಂದರು. ಇನ್ನೊಂದು ತುಂಡು ಸೀಳುತ್ತಾ ಅವರೇ, "ಹೋಗೋವಾಗ ಈ ಮನೇದು ಅಂತ ಒಂದು ಚೂರೂ ತಗೊಳ್ಲಿಲ್ಲ. ಅಷ್ಟು ಬೇಡವಾದ್ವಿ" ಎಂದರು. ಆಮೇಲೆ ನನ್ನ ಕೈಗೆ ಒಂದು ಕುದುರೆ ಕೊಟ್ಟು, ಹೊರಗೆ ಹೋಗು ಎನ್ನುವಂತೆ ತಲೆ ಆಡಿಸಿದರು. ನಿಮ್ಮಪ್ಪನನ್ನು ಕಂಡರೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ತಮಾಷೆ ಕೇಳು. ಇಂಥದ್ದೇ ಒಂದು ಕುದುರೆ ನಮ್ಮ ಮನೆಯಲ್ಲೂ ಇದೆ. ಅಜ್ಜಿಯ ಕಪಾಟಿನಲ್ಲಿ, ಜಪಮಾಲೆಗಳ ಜೊತೆ. ಒಂದು ಸಲ ಆಡಲು ತೆಗೆದುಕೊಂಡು ಬೈಸಿಕೊಂಡಿದ್ದೆ. ಬಣ್ಣವಿಲ್ಲ, ಬೆನ್ನು ಸ್ವಲ್ಪ ತಗ್ಗು, ಥೇಟ್ ನಿಮ್ಮಪ್ಪನದೇ. ಎಲ್ಲ ಕಡೆ ಮಾರುತ್ತಾರೇನೋ. ಅಜ್ಜಿಗೆ ತೋರಿಸಲು ಹೇಳು.

ನೂಲಾ


ಡನ್‌ಕೀಲ್
24 ಜನವರಿ 1996

ನೂಲಾ,

ಅಜ್ಜಿಯನ್ನು ಕೇಳಿದೆ. ತೋರಿಸಿದರು.

ಅಪ್ಪ ಯಾವತ್ತೂ ಬಣ್ಣ ಹಚ್ಚದೆ, ಕೆತ್ತದೆ ಕುದುರೆಯನ್ನು ಮಾರುವುದಿಲ್ಲ. ಬೆನ್ನು ತಗ್ಗು ಬರುವುದು ಅವರ ಉಳಿ ಹಿಡಿಯುವ ರೀತಿಯಿಂದ. ಊರಿನ ಬೇರೆ ಯಾರ ಕುದುರೆಗೂ ಅದಿಲ್ಲ. ಅಜ್ಜಿಯ ಕೈಯಲ್ಲಿದ್ದದ್ದು ಅಪ್ಪನ ಶೆಡ್ಡಿನ ನೆಲದಿಂದ ಎತ್ತಿಕೊಂಡದ್ದು.

"ಇದು ನಿಮಗೆಲ್ಲಿ ಸಿಕ್ತು ಅಜ್ಜಿ? ನಮ್ಮಪ್ಪ ಮಾಡಿದ್ದು" ಎಂದೆ. ಅವರು ಕುದುರೆಯನ್ನು ನನ್ನ ಕೈಗಿಟ್ಟರು. "ಅಯ್ಯೋ ಮಗಾ, ನೀನು ಕಟ್ಟೆ ಮೇಲೆ ದಿನಾ ಹುಡುಕ್ತಿದ್ದದ್ದು ಅವನ್ನಾ? ನಮ್ಮನ್ನ ಕೇಳೋದಲ್ವಾ" ಎಂದರು. ನಾನು ಕೇಳಲಿಲ್ಲ, ನೂಲಾ. ದೋಣಿಯವರನ್ನು ಕೇಳಿದೆ. ಜೀವಂತ ಇರುವವನನ್ನು ಹುಡುಕುತ್ತಿದ್ದೆ, ಸತ್ತವನನ್ನು ಮಣ್ಣು ಮಾಡಿದವರನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ.

1990ರ ಏಪ್ರಿಲ್‌ನಲ್ಲಿ ದೀಪಸ್ತಂಭದ ಕೆಳಗಿನ ಮರಳಿಗೆ ಸಮುದ್ರ ಅವನನ್ನು ತಂದು ಹಾಕಿತಂತೆ. ಜೇಬಿನಲ್ಲಿ ಕುದುರೆ ಬಿಟ್ಟು ಏನೂ ಇರಲಿಲ್ಲ. ಯಾವ ದೋಣಿಯವರೂ ನಮ್ಮವನು ಎನ್ನಲಿಲ್ಲ. ಪೊಲೀಸರು ಎಲ್ಲ ಕಡೆ ಬರೆದು ಕಾದರು, ಆಮೇಲೆ ಊರಿನವರೇ ಮಣ್ಣು ಮಾಡಿದರು. ಅಜ್ಜಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಸುತ್ತ ಸುಣ್ಣ ಬಳಿದ ಕಲ್ಲು, ಹೆಸರಿಲ್ಲದ ಶಿಲುಬೆ. ಹುಲ್ಲು ಕತ್ತರಿಸಿ ಚೊಕ್ಕಟವಾಗಿತ್ತು. ನಿನ್ನ ಅಪ್ಪ ಹಿಂದಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತರು. ರಾಣಿ ಎನ್ನಲಿಲ್ಲ.

ಮನೆಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅಪ್ಪ "ಹಲೋ" ಎಂದರು, ನಾನು ಇಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಯಾರಿಗೂ ಯಾವುದನ್ನೂ ಹೇಳುವ ಅಭ್ಯಾಸವಿಲ್ಲ. ನಿಮ್ಮ ಜನಕ್ಕೆ ಸಾವನ್ನು ಹೇಳಲು ಗೊತ್ತು. ಅಮ್ಮ ಆ ಗೊಂಬೆಯ ದೀಪ ಇನ್ನೊಂದು ಸಂಜೆ ಹಚ್ಚುವುದು ಬೇಡ. ದಯವಿಟ್ಟು ನೀನು ಹೇಳು. ಇದನ್ನು ಕೇಳಬಾರದು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಆನೆಟ್


ಹಿರ್ಷ್‌ಬಾಖ್
4 ಫೆಬ್ರವರಿ 1996

ಪ್ರಿಯ ಆನೆಟ್,

ಹೇಳಿದೆ.

ನಿನ್ನ ಪತ್ರ ಬಂದ ದಿನ ಹೇಳಲಾಗಲಿಲ್ಲ. ಮರುದಿನವೂ ಆಗಲಿಲ್ಲ. ದೀಪದ ಗೊಂಬೆಗಳನ್ನು ಇಳಿಸುವ ದಿನ ಬಂತು, ಎದುರಿನ ಕಿಟಕಿಗಳೆಲ್ಲ ಖಾಲಿಯಾದವು, ನಮ್ಮದು ಮಾತ್ರ ಆಗಲಿಲ್ಲ. ನಿಮ್ಮಮ್ಮ ಆ ಸಂಜೆಯೂ ದೀಪ ಹಚ್ಚಿದರು. ಇನ್ನು ತಡೆದರೆ ನಾನು ಮನುಷ್ಯಳೇ ಅಲ್ಲ ಎನ್ನಿಸಿತು.

ನಿನ್ನೆ ಮಧ್ಯಾಹ್ನ ಪಕ್ಕದ ಕೋಣೆಯ ಕಿಟಕಿ ತೆರೆದ ಸದ್ದು ಕೇಳಿ ಶೆಡ್ಡಿಗೆ ಹೋದೆ. "ಮೇಲೆ ಬನ್ನಿ, ಕಾರ್ಲಾ ಕರೀತಿದಾರೆ" ಎಂದು ಸುಳ್ಳು ಹೇಳಿದೆ. ನಿಮ್ಮಪ್ಪ ಬಂದರು, ಆದರೆ ಕೋಣೆಯ ಬಾಗಿಲಲ್ಲೇ ನಿಂತರು. ನಾನು ಕೋಟು ಹಾಕಿಕೊಂಡೇ ಇದ್ದೆ. ಸಾವಿನ ಸುದ್ದಿ ತಂದವಳು ಕೂರಬಾರದು, ಕೋಟು ಬಿಚ್ಚಬಾರದು, ಸುತ್ತಿ ಬಳಸಬಾರದು ಎನ್ನುತ್ತಾರೆ ಅಜ್ಜಿ. ನಿಂತೇ ಹೇಳಿದೆ.

"ಫಾಲ್ಕ್ ತೀರಿಕೊಂಡಿದಾನೆ. ನಮ್ಮೂರ ಸಮುದ್ರದಲ್ಲಿ. ಆರು ವರ್ಷದ ಹಿಂದೆ, ಏಪ್ರಿಲಲ್ಲಿ. ನಮ್ಮೂರಲ್ಲೇ ಮಣ್ಣು ಮಾಡಿದಾರೆ. ಆನೆಟ್ ಹೋಗಿ ನೋಡಿದಾಳೆ."

ನಿಮ್ಮಮ್ಮ ಕಿಟಕಿಯ ಹಿಡಿ ಬಿಡಲಿಲ್ಲ. "ಅವನೇ ಅಂತ ಹೇಗೆ ಗೊತ್ತು?" ಎಂದರು. ನಾನು ನಿಮ್ಮಪ್ಪನ ಕಡೆ ತಿರುಗಿ, "ಜೇಬಲ್ಲಿ ನಿಮ್ಮ ಕುದುರೆ ಇತ್ತು. ಬಣ್ಣ ಇರ್ಲಿಲ್ಲ" ಎಂದೆ.

"ನನ್ನದಾ?" ಎಂದರು. ಹೌದೆಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು. ಕೂತಲ್ಲಿಂದಲೇ, "ಕಾರ್ಡು ಬಂದಿತ್ತು ಕಾರ್ಲಾ. ನಾನೇ ಸುಟ್ಟೆ" ಎಂದರು.

"ಗೊತ್ತು. ಒಲೆ ಬೂದಿ ತೆಗೆಯೋಳು ನಾನಲ್ವಾ. ಅಂಚು ಉಳಿದಿತ್ತು, ಅವನ ಅಕ್ಷರ ಇತ್ತು. ನೀನು ಹೇಳ್ತೀಯ ಅಂತ ಕಾದೆ" ಎಂದರು ನಿಮ್ಮಮ್ಮ.

ನಾನು ಅಲ್ಲಿಂದ ಓಡಿಹೋಗಬೇಕು ಎಂದುಕೊಂಡೆ. ನಿಮ್ಮಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾಗುತ್ತಿರಲಿಲ್ಲ. ತೆರೆದ ಕಿಟಕಿಯಿಂದ ಚಳಿ ನುಗ್ಗುತ್ತಿತ್ತು, ಮೂವರಲ್ಲಿ ಯಾರೂ ಮುಚ್ಚಲಿಲ್ಲ.

ಆಮೇಲೆ ನಿಮ್ಮಪ್ಪ, "ಯಾರು ಹೊತ್ರು?" ಎಂದು ಕೇಳಿದರು. ನಮ್ಮಪ್ಪ, ನಮ್ಮ ದೊಡ್ಡಪ್ಪ, ಐಸ್ ಕಾರ್ಖಾನೆಯ ಮ್ಯಾನಸ್, ಶಾಲೆಯ ಹೆಡ್ ಮಾಸ್ಟರು ಎಂದೆ. ಒಬ್ಬೊಬ್ಬರ ಹೆಸರು ಹೇಳಿದಾಗಲೂ ತಲೆ ಆಡಿಸಿದರು, ಗುರುತಿನವರೇ ಎನ್ನುವ ಹಾಗೆ. ನಿಮ್ಮಮ್ಮ, "ಹೊರೋರು ಸಿಕ್ತಾರೆ. ಹಿಂದೆ ನಡೆಯೋಕೆ ಅವನೋರು ಅಂತ ಒಬ್ರೂ ಇರ್ಲಿಲ್ಲ" ಎಂದರು.

ಆನೆಟ್, ಈಗ ಹೇಳುವುದನ್ನು ನಿನಗೆ ಅಜ್ಜಿ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ನಿನ್ನ ಪತ್ರ ಓದಿದ ದಿನವೇ ಅದು ನನಗೆ ನೆನಪಾಗಿತ್ತು. ನಮ್ಮೂರಿಗೆ ಸಮುದ್ರ ಹೆಣ ತಂದು ಹಾಕಿದ್ದು ಅದೊಂದೇ ಸಲವಲ್ಲ. ಆದರೆ ಆ ಸಲ ನನಗೆ ಹನ್ನೊಂದು ವರ್ಷ, ಅಜ್ಜಿ ನನಗೆ ಕಪ್ಪು ಕೋಟು ತೊಡಿಸಿ, ತಲೆ ಬಾಚಿ, "ಅನಾಥ ಹೆಣ ಅಂತ ಅನ್ನಿಸ್ಕೋಬಾರ್ದು. ಇವತ್ತೊಂದು ದಿನ ನೀನು ಅವನ ತಂಗಿ. ಪೆಟ್ಟಿಗೆ ಹಿಂದೇನೇ ನಡಿ, ಯಾರಿಗೂ ಮುಂದೆ ಬಿಡ್ಬೇಡ" ಎಂದಿದ್ದರು.

"ನಾನು ನಡೆದಿದ್ದೆ" ಎಂದೆ. "ತಂಗಿ ಅಂತ ಹೇಳಿ ನನ್ನೇ ನಡೆಸಿದ್ರು. ಚರ್ಚಿನಿಂದ ಗುಡ್ಡದ ಮೇಲಿನ ತನಕ. ಅವನಿಗೆ ತಂಗಿ ಇದಾಳೆ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ."

ನಿಮ್ಮಮ್ಮ ಕಿಟಕಿ ಬಿಟ್ಟು ನನ್ನ ಹತ್ತಿರ ಬಂದರು. ನನ್ನನ್ನು ಆವತ್ತೇ ಮೊದಲು ನೋಡುವ ಹಾಗೆ ನೋಡಿದರು.

"ಅತ್ಯಾ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಕೆಳಗೆ ಶೆಡ್ಡಿನಲ್ಲಿ ಸಲೀಸಾಗಿ ಹೇಳಿದ್ದೆನಲ್ಲ, ಇನ್ನೊಂದು ಹೇಳಲು ಏನಾಗಿತ್ತು? ಆದರೆ ಬರಲಿಲ್ಲ. "ಹೂಂ ಕಾರ್ಲಾ, ಅತ್ತಿದ್ದೆ. ಆದ್ರೆ ಅವನಿಗೋಸ್ಕರ ಅಲ್ಲ. ಚಿಕ್ಕಮ್ಮನ ಮಗಳ ಬೂಟು ಹಾಕಿದ್ರು, ಕಚ್ಚುತಿತ್ತು. ದಾರಿ ಪೂರ್ತಿ ಅತ್ತೆ" ಎಂದೆ.

ನಿಮ್ಮಮ್ಮ ನೆಲದ ಮೇಲೆ ಕೂತು ನನ್ನ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡರು. "ಯಾಕಾದ್ರೂ ಆಗ್ಲಿ, ಅತ್ಯಲ್ಲ," ಎಂದರು, "ಸಾಕು."

ನಿನ್ನ
ನೂಲಾ